ಹೊರೆ ಇಳಿಸಿ ಕೂತ ಮೋಡ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದೆಂದರೆ, ಜಿಂಕೆಯ ಮೈಗೆ ಚುಕ್ಕೆ ಇಟ್ಟವರು ಇನ್ನೂ ಕೈ ತೊಳೆದುಕೊಂಡಿರಲಿಲ್ಲ. ಬೆಟ್ಟಗಳಿಗೆ ಹೆಸರಿರಲಿಲ್ಲ. ಕಲ್ಲಿಗೆ, ಗಾಳಿಗೆ, ಕರಡಿಗೆ, ಎಲ್ಲಕ್ಕೂ ಬಾಯಿತ್ತು, ಎಲ್ಲಕ್ಕೂ ಮಾತು ಬರುತ್ತಿತ್ತು. ದಣಿವು ಮಾತ್ರ ಹೊಸದಾಗಿರಲಿಲ್ಲ. ಅದು ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ, ಬಹುಶಃ ಎಲ್ಲರಿಗಿಂತ ಮೊದಲೇ ಬಂದು ಜಾಗ ಹಿಡಿದಿತ್ತು.

ಆ ಕಾಲದಲ್ಲಿ ಬೆಟ್ಟಗಳ ನಡುವೆ ಒಂದು ಆಳವಾದ ಕಣಿವೆ ಇತ್ತು. ಅಲ್ಲಿಗೆ ಬರಬೇಕೆಂದರೆ ಮೂರು ದಿನ ಏರಬೇಕು, ಒಂದು ದಿನ ಇಳಿಯಬೇಕು. ಹಾಗಾಗಿ ಯಾರೂ ಬರುತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಕೇತವ್ವ ಒಬ್ಬಳು. ಅವಳ ಗುಡಿಸಲು ಇಳಿಜಾರಿನ ನಡುವೆ. ನೀರು ಕೆಳಗೆ ತೊರೆಯಲ್ಲಿ. ರಾಗಿ ಹೊಲ ಮೇಲೆ. ಸೌದೆ ಆಚೆ ಬೆಟ್ಟದಲ್ಲಿ. ಬೇಕಾದ ಒಂದೂ ಇನ್ನೊಂದರ ಹತ್ತಿರ ಇರಲಿಲ್ಲ. ಲೋಕ ಮಾಡಿದವರಿಗೆ ತಲೆಯ ಮೇಲೆ ಹೊರೆ ಹೊತ್ತು ಅಭ್ಯಾಸವಿರಲಿಲ್ಲವೆಂದು ಕಾಣುತ್ತದೆ.

ಹಾಗಾಗಿ ಕೇತವ್ವ ಹೊರುತ್ತಿದ್ದಳು. ಬೆಳಿಗ್ಗೆ ನೀರು ಹೊರುತ್ತಿದ್ದಳು. ಮಧ್ಯಾಹ್ನ ಸೌದೆ ಹೊರುತ್ತಿದ್ದಳು. ಸಂಜೆ ಹುಲ್ಲು ಹೊರುತ್ತಿದ್ದಳು. ನೆತ್ತಿಯ ಮೇಲೆ, ಹೊರೆಯಡಿಗೆ ಇಡುವ ಬಟ್ಟೆಯ ಸಿಂಬಿ ಕೂರುವ ಕಡೆ ಅವಳಿಗೆ ಕೂದಲೇ ಉಳಿದಿರಲಿಲ್ಲ.

ತಲೆಹೊರೆಯ ಕಷ್ಟ ಹೊತ್ತವರಿಗೇ ಗೊತ್ತು. ಇಳಿಸುವುದು ಸುಲಭ, ಎತ್ತಿಕೊಳ್ಳುವುದು ಕಷ್ಟ. ದಾರಿಯಲ್ಲಿ ಸುಸ್ತಾಗಿ ಇಳಿಸಿಬಿಟ್ಟರೆ ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅದಕ್ಕೇ ಆ ಕಣಿವೆಯಲ್ಲಿ ಒಂದು ಕಟ್ಟುಪಾಡಿತ್ತು. ಹೊರೆ ಇಳಿಸಿ ಕೂತವರನ್ನು ಕಂಡರೆ ಎತ್ತಿಕೊಡದೆ ಮುಂದೆ ಹೋಗಬಾರದು. ಕರಡಿಯೇ ಆಗಲಿ, ಕಡವೆಯೇ ಆಗಲಿ, ಎತ್ತಿಕೊಡದೆ ಹೋಗಬಾರದು.

ಕೈಯಲ್ಲಿ ಬೇರೆ ಕೆಲಸವಿದ್ದರೆ? ಅದಕ್ಕೂ ಒಂದು ದಾರಿ ಇತ್ತು. ‘ಕೂತಿರು, ಬಂದು ಎತ್ತಿಕೊಡುತ್ತೇನೆ’ ಎಂದು ಹೇಳಿ, ಹೊರೆಯ ಪಕ್ಕದ ಹುಲ್ಲಿಗೆ ಒಂದು ಗಂಟು ಹಾಕಿ ಹೋಗಬೇಕು. ಗಂಟು ಕಂಡ ಮೇಲೆ ಉಳಿದವರು ಆ ಹೊರೆಯನ್ನು ಮುಟ್ಟುವಂತಿಲ್ಲ, ಯಾಕೆಂದರೆ ಅದಕ್ಕೆ ಒಬ್ಬರು ಮಾತು ಕೊಟ್ಟಾಗಿದೆ. ಇನ್ನೊಬ್ಬರು ಕೊಟ್ಟ ಮಾತನ್ನು ತಾನು ನಡೆಸಿಬಿಡುವುದು ಅಲ್ಲಿ ಕಳ್ಳತನಕ್ಕೆ ಸಮ. ಗಂಟು ಹಾಕಿದವರೇ ಬಂದು, ಹೊರೆ ಎತ್ತಿಕೊಟ್ಟು, ಆಮೇಲೆ ಬಿಚ್ಚಬೇಕು. ಎತ್ತಿಕೊಡದೆ ಗಂಟು ಬಿಚ್ಚಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ, ಕಾಡುಕೋಳಿ ಕೂಗುವ ಹೊತ್ತಿಗೆ, ಕೇತವ್ವನ ಮಗಳು ಈರಿ ಹೆಣ್ಣು ಕೂಸನ್ನು ಹೆತ್ತಳು. ಎರಡು ದಿನ ನೋವು ತಿಂದಿದ್ದಳು ಪಾಪ. ಆ ಎರಡು ದಿನವೂ ಕೇತವ್ವ ರೆಪ್ಪೆ ಮುಚ್ಚಿರಲಿಲ್ಲ. ಕೂಸು ಅತ್ತ ಮೇಲೆ ಅವಳಿಗೂ ಅಲ್ಲೇ ಬಿದ್ದುಕೊಳ್ಳೋಣ ಅನ್ನಿಸಿತು. ಆದರೆ ಕೂಸಿನ ಮೊದಲ ಸ್ನಾನಕ್ಕೆ ನೀರು ಬೇಕಲ್ಲ. ಮಡಕೆ ತೆಗೆದುಕೊಂಡು ಹೊರಟಳು.

ಮೊದಲ ಸ್ನಾನದ ನೀರನ್ನು ನಡುವೆ ಎಲ್ಲಿಯೂ ನೆಲಕ್ಕೆ ಇಡುವಂತಿಲ್ಲ. ಅಜ್ಜಿಯ ತಲೆಗೇರಿದ ನೀರು ನೇರ ಕೂಸಿನ ತಲೆಗೇ ಇಳಿಯಬೇಕು. ತೊರೆಗೆ ಇದು ಗೊತ್ತಿತ್ತು. ‘ಇವತ್ತೂ ನಾನೇ ಎತ್ತಿಕೊಡಬೇಕಾ’ ಎಂದು ಗೊಣಗುತ್ತಲೇ ಅದು ಮಡಕೆಯನ್ನು ತಳಕ್ಕೆ ಕೈಕೊಟ್ಟು ಎತ್ತಿ ಅವಳ ಸಿಂಬಿಯ ಮೇಲೆ ಕೂರಿಸಿತು. ಕೇತವ್ವ ಏರತೊಡಗಿದಳು. ಮೊಣಕಾಲು ಕಟಕಟ ಎನ್ನುತ್ತಿತ್ತು.

ದಾರಿ ತಿರುಗುವ ಹುಲ್ಲುದಿಣ್ಣೆಯ ಹತ್ತಿರ ಬಂದರೆ, ದಾರಿಗೆ ಅಡ್ಡಲಾಗಿ ಯಾರೋ ಕೂತಿದ್ದಾರೆ. ಬೆಳ್ಳಗೆ, ದೊಡ್ಡಗೆ, ಮೈಯೆಲ್ಲ ತೇವ. ನೋಡಿದರೆ ಮೋಡ. ಪಡುವಣ ಕಡಲಿನಿಂದ ನೀರು ಹೊತ್ತು ಮೂಡಣ ಸೀಮೆಯ ಒಣ ಬಯಲಿಗೆ ಹೊರಟಿದ್ದ ಮೋಡ. ಹೊರಲಾರದೆ ಹೊರೆ ಇಳಿಸಿಬಿಟ್ಟಿತ್ತು. ಜೊತೆಯಲ್ಲಿ ಬಂದಿದ್ದ ಗಾಳಿ ಕಾಲು ನೋವೆಂದು ಹೇಳಿ ಬೆಟ್ಟದ ಆಚೆ ಹೋದದ್ದು ಇನ್ನೂ ಬಂದಿರಲಿಲ್ಲ.

“ಯಾಕವ್ವ, ಇಲ್ಲಿ ಕುಂತ್ಬುಟ್ಟೆ?” ಎಂದಳು ಕೇತವ್ವ.

“ಆಗ್ನಿಲ್ಲ ಕನವ್ವ, ಇಳಿಸ್ಬುಟ್ಟೆ,” ಎಂದಿತು ಮೋಡ. “ನೆಲ ಕುಡೀತಾ ಅದೆ. ನನಗೂ ನನ್ನ ನೀರಿಗೂ ಬ್ಯಾರೆ ಮೈ ಇಲ್ಲ. ಅದು ಮುಗುದ್ರೆ ನಾನೂ ಮುಗುದೆ. ವಸಿ ಎತ್ತಿಕೊಡು.”

ಕೇತವ್ವ ನಿಂತಳು. ಎತ್ತಿಕೊಡದೆ ಹೋಗುವಂತಿಲ್ಲ. ಎತ್ತಿಕೊಡಬೇಕೆಂದರೆ ತನ್ನ ಮಡಕೆ ನೆಲಕ್ಕಿಡಬೇಕು, ಅದನ್ನು ಇಡುವಂತಿಲ್ಲ. ಒಂದು ಕೈಯಲ್ಲಿ ಮಡಕೆ ಹಿಡಿದು, ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಕೈಯಿಂದ ಹುಲ್ಲಿಗೆ ಗಂಟು ಹಾಕಿದಳು.

“ಕುಂತಿರು ಮೋಡವ್ವ. ಕೂಸಿಗೆ ನೀರು ಹುಯ್ದು ಈಗ ಬಂದ್ಬುಡ್ತೀನಿ.”

ಮೋಡ ತಲೆಯಾಡಿಸಿತು. ಕಣಿವೆಯ ಮಾತನ್ನು ಅದು ನಂಬಿತು.

ಕೇತವ್ವ ಮನೆಗೆ ಬಂದಳು. ನೀರನ್ನು ತಲೆಯ ಮೇಲಿಂದಲೇ ಬಗ್ಗಿಸಿ ಕೂಸಿನ ನೆತ್ತಿಗೆ ಮೊದಲ ಬೊಗಸೆ ಹಾಕಿದಳು, ಉಳಿದದ್ದನ್ನು ಬೆಚ್ಚಗೆ ಮಾಡಿ ಸ್ನಾನ ಮಾಡಿಸಿದಳು, ಒರೆಸಿ ಈರಿಯ ಮಗ್ಗುಲಿಗೆ ಮಲಗಿಸಿದಳು. ಎಲ್ಲ ಸರಿಯಾಗಿಯೇ ಮಾಡಿದಳು. ಕೊನೆಗೆ ಒಂದೇ ಒಂದು ತಪ್ಪು ಮಾಡಿದಳು. ಗೋಡೆಗೆ ಬೆನ್ನು ಕೊಟ್ಟಳು.

ಎರಡು ದಿನ ನಿದ್ದೆಗೆಟ್ಟವರು ಗೋಡೆಗೆ ಬೆನ್ನು ಕೊಟ್ಟರೆ ಏನಾಗುತ್ತದೆಯೋ ಅದೇ ಆಯಿತು.

ಇತ್ತ ಹುಲ್ಲುದಿಣ್ಣೆಯ ಮೇಲೆ ಮೋಡ ಕಾಯುತ್ತಿತ್ತು. ಕಡವೆಯೊಂದು ಬಂತು, ಮೋಡವನ್ನು ನೋಡಿ ಮರುಗಿತು, ಗಂಟು ನೋಡಿತು, ದಾಟಿ ಹೋಯಿತು. ಕರಡಿ ಬಂತು. ಅದಕ್ಕೆ ಭುಜಬಲವೂ ಇತ್ತು, ಮನಸ್ಸೂ ಇತ್ತು. ಗಂಟು ನೋಡಿತು, ದಾಟಿ ಹೋಯಿತು. ಕಾಲುನೋವಿನ ಗಾಳಿಯೂ ಬೆಟ್ಟದ ಮೇಲಿಂದ ಇಣುಕಿತು. ಯಾರೋ ಮಾತು ಕೊಟ್ಟಿದ್ದಾರಲ್ಲ, ಇನ್ನು ನನಗೇನು ಕೆಲಸ ಎಂದು ಸಂತೋಷದಿಂದಲೇ ಮತ್ತೆ ಹೋಗಿ ಬಿದ್ದುಕೊಂಡಿತು. ಎಲ್ಲರೂ ಮರ್ಯಾದಸ್ಥರು. ಒಬ್ಬರೂ ಕಟ್ಟುಪಾಡು ಮೀರಲಿಲ್ಲ. ನೆಲ ಮಾತ್ರ ಗುಟುಕು ಗುಟುಕಾಗಿ ಕುಡಿಯುತ್ತಲೇ ಇತ್ತು.

ಕೇತವ್ವನಿಗೆ ಎಚ್ಚರವಾದದ್ದು ಮಗಳು ಕೂಗಿದಾಗ. ಹೊರಗೆ ನೋಡಿದಳು, ಮಸುಕು ಬೆಳಕು ಹಾಗೇ ಇತ್ತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಾಗಿದೆ ಅಷ್ಟೆ ಎಂದುಕೊಂಡಳು. ಆದರೆ ಒಲೆಯ ಬೂದಿ ತಣ್ಣಗಾಗಿತ್ತು.

“ಅವ್ವ, ಬಿಸ್ಲೇ ಬರ್ನಿಲ್ಲ ಇವತ್ತು,” ಎಂದಳು ಈರಿ. “ಸೌದೆಯೆಲ್ಲ ತ್ಯಾವ. ಕೂಸು ತಣ್ಣಗಾಯ್ತಾ ಅದೆ.”

ಕೇತವ್ವ ಕೂಸಿನ ಪಾದ ಮುಟ್ಟಿದಳು. ತೊರೆಯ ಕಲ್ಲಿನಷ್ಟು ತಣ್ಣಗಿತ್ತು. ಆಗ ಅವಳಿಗೆ ಮೋಡದ ನೆನಪಾಯಿತು. ಕೂಸನ್ನು ಎದೆಗೆ ಒತ್ತಿ ಹಿಡಿದುಕೋ ಎಂದು ಮಗಳಿಗೆ ಹೇಳಿ, ತನ್ನ ಕಂಬಳಿಯನ್ನೂ ಅವರ ಮೇಲೆ ಹೊದಿಸಿ, ದಾರಿ ಹಿಡಿದು ಓಡಿದಳು. ಓಡಿದಳು ಎನ್ನುವುದು ಮಾತಿಗೆ. ಆ ಕಾಲುಗಳಲ್ಲಿ ಎಷ್ಟು ಓಡಲು ಬರುತ್ತದೆಯೋ ಅಷ್ಟು ಓಡಿದಳು.

ದಾರಿಯಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಕೂತಿದ್ದ ಮೋಡ ಕೂತಲ್ಲೇ ಕುಸಿದು ಕಣಿವೆಯ ತುಂಬ ಹರಡಿಕೊಂಡಿತ್ತು. ಮುಸುವ ಕೋತಿಗಳು ಕೊಂಬೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು. ಜೇನು ಗೂಡು ಬಿಟ್ಟು ಏಳಲಿಲ್ಲ, ಹೂವು ಅರಳಲಿಲ್ಲ. ಕೇತವ್ವ ಕೈಯಿಂದ ತಡವುತ್ತ ಹುಲ್ಲುದಿಣ್ಣೆ ತಲುಪಿದಳು.

“ಎಲ್ಲೋಗಿದ್ದೆ ಅವ್ವ?” ಎಂದು ಕೇಳಿತು ಮೋಡ. ದನಿ ತೆಳ್ಳಗಾಗಿತ್ತು. ಸಿಟ್ಟಿರಲಿಲ್ಲ, ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕಲ್ಲ.

ಏನಾದರೊಂದು ನೆಪ ಹೇಳಬಹುದಿತ್ತು. ಕೇತವ್ವನಿಗೆ ನೆಪ ಹುಡುಕುವಷ್ಟೂ ತ್ರಾಣವಿರಲಿಲ್ಲ.

“ನಿದ್ದೆ ಬಂದ್ಬುಡ್ತು ಕನವ್ವ.”

“ನಿದ್ದೆ ಅಂದ್ರೇನು?”

ಕೇತವ್ವನಿಗೆ ಆಗ ಹೊಳೆಯಿತು. ಲೋಕ ಹುಟ್ಟಿದಾಗಿನಿಂದ ಈ ಮೋಡ ಮಲಗಿಯೇ ಇಲ್ಲ. ಕಡಲಿನಿಂದ ಬಯಲಿಗೆ, ಬಯಲಿನಿಂದ ಕಡಲಿಗೆ, ನಡುವೆ ಯಾರೂ ಅದಕ್ಕೆ ಮಲಗೆಂದು ಹೇಳಿಲ್ಲ. ಮಲಗುವುದು ಎಂಬುದೊಂದಿದೆ ಎಂದೇ ಅದಕ್ಕೆ ತಿಳಿಯದು. ಕೇತವ್ವನಿಗೆ ತನ್ನ ಎರಡು ದಿನದ ದಣಿವೇ ಲೋಕದಲ್ಲಿ ದೊಡ್ಡದು ಅನ್ನಿಸಿತ್ತು. ಈಗ ನಾಚಿಕೆಯಾಯಿತು.

“ಹೊರೆ ಇಳಿಸ್ತೀಯಲ್ಲ, ಹಂಗೇಯ ಮೈನೂ ಇಳಿಸ್ಬುಡೋದು,” ಎಂದಳು. “ಆಮ್ಯಾಕೆ ಯಾರಾರ ಎಬ್ಬಿಸ್ತಾರೆ.”

“ಚೆಂದಾಗದೆ ಅದು,” ಎಂದಿತು ಮೋಡ.

ಕೇತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮೋಡವನ್ನು ಹಿಡಿದು ಎತ್ತಿದಳು. ಕೈ ಬರಿದಾಗಿ ಮೇಲೆ ಬಂತು, ಒದ್ದೆಯಾಗಿತ್ತು ಅಷ್ಟೆ. ಮತ್ತೆ ಎತ್ತಿದಳು, ಮತ್ತೆ ಬರಿಗೈ. ಜೀವಮಾನವೆಲ್ಲ ಹೊತ್ತವಳು, ಹೊರಿಸಿದವಳು. ಹಿಡಿಯಲು ಅಂಚೇ ಇಲ್ಲದ ಹೊರೆಗೆ ತಾನು ಮಾತು ಕೊಟ್ಟೆನಲ್ಲ ಎಂದು ಆಗ ಅವಳಿಗೆ ಅರ್ಥವಾಯಿತು. ಅಲ್ಲೇ ಕೂತು ಅತ್ತಳು. ಮೋಡ ಅವಳ ಪಕ್ಕದಲ್ಲಿ ಕರಗುತ್ತಿತ್ತು. ಮೇಲೆ ಗುಡಿಸಲಿನಲ್ಲಿ ಕೂಸು ತಣ್ಣಗಾಗುತ್ತಿತ್ತು.

ಅಳುತ್ತಲೇ ತಲೆ ಎತ್ತಿ ಮೂಡಣ ಬೆಟ್ಟದ ಕಡೆ ನೋಡಿದಳು. ಬೆಟ್ಟದ ಬೆನ್ನಿನ ಹಿಂದೆ ಒಂದು ಕೆಂಪು ಅಂಚು ಇತ್ತು. ಹೊತ್ತು ಹುಟ್ಟಿತ್ತು. ಹುಟ್ಟಿ, ಅಲ್ಲೇ ನಿಂತಿತ್ತು.

“ಸೂರ್ಯಪ್ಪ, ಯಾಕಪ್ಪ ಅಲ್ಲೇ ನಿಂತ್ಕಂಡೆ?” ಎಂದು ಕೂಗಿದಳು.

“ಗಂಟು ಅದೆ,” ಎಂದ ಸೂರ್ಯ. ಅವನು ಎಲ್ಲರಿಗಿಂತ ದೊಡ್ಡವನು, ಹಾಗಾಗಿ ಕಟ್ಟುಪಾಡಿಗೆ ಎಲ್ಲರಿಗಿಂತ ಹೆಚ್ಚು ಅಂಜುವವನು. “ನಾನು ಬಂದ್ರೆ ನನ್ನ ಬಿಸ್ಲಿಗೆ ಅದು ಮ್ಯಾಕೆ ಎದ್ಬುಡ್ತದೆ. ಮಾತು ಕೊಟ್ಟೋರು ನೀವು. ನಾನು ಎಂಗವ್ವ ಎತ್ಲಿ?”

ಕೇತವ್ವ ಹುಲ್ಲಿನ ಗಂಟನ್ನು ನೋಡಿದಳು. ಕಡವೆ ನೋಡುತ್ತಿತ್ತು, ಕರಡಿ ನೋಡುತ್ತಿತ್ತು, ಮುಸುವಗಳು ಕತ್ತು ಚಾಚಿ ನೋಡುತ್ತಿದ್ದವು. ಈಗ ಇದನ್ನು ಬಿಚ್ಚಿದರೆ, ಮಾತು ಕೊಟ್ಟು ನಡೆಸಲಾರದೆ ಹೋದವಳು ಎಂದು ಕಣಿವೆ ಇರುವಷ್ಟು ಕಾಲ ಹೇಳುತ್ತಾರೆ. ಹುಟ್ಟಿದ ಕೂಸಿಗೂ ಆ ಹೆಸರೇ ಬರುತ್ತದೆ. ಆದರೆ ಹೆಸರು ಹೊರಲು ಕೂಸು ಉಳಿಯಬೇಕಲ್ಲ.

“ನನ್ನ ಕೈಲಿ ಆಗ್ನಿಲ್ಲ,” ಎಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳಿ, ಗಂಟು ಬಿಚ್ಚಿದಳು.

ಯಾರೂ ನಗಲಿಲ್ಲ. ಕರಡಿ ಉಸಿರು ಬಿಟ್ಟಿತು. ಪಾಪ, ಅದೂ ಇಷ್ಟು ಹೊತ್ತು ಕಾಯುತ್ತಿತ್ತು.

ಸೂರ್ಯ ಬೆಟ್ಟ ಹತ್ತಿ ಇಳಿದ. ಅಂಚಿಲ್ಲದ ಹೊರೆಯನ್ನು ಎತ್ತಲು ಅವನಿಗೆ ಗೊತ್ತಿತ್ತು. ಒಂದೇ ಸಲ ಎತ್ತಲಿಲ್ಲ. ಮೊದಲು ತೊರೆಯ ಕಡೆ ಸ್ವಲ್ಪ ಸಡಿಲ ಮಾಡಿದ, ಆಮೇಲೆ ಹೊಲದ ಕಡೆ, ಆಮೇಲೆ ಮರಗಳ ನಡುವೆ. ನಿಧಾನವಾಗಿ, ತಳಕ್ಕೆ ಬೆಚ್ಚಗಿನ ಕೈ ಕೊಟ್ಟು ಎತ್ತಿದ. ಬಿಸಿಲು ಗುಡಿಸಲಿನ ಬಾಗಿಲಿಗೂ ಬಂತು. ಈರಿ ಕೂಸನ್ನು ಹೊಸ್ತಿಲಿಗೆ ತಂದು ಬಿಸಿಲಿಗೆ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಅದರ ಅಳು ಕೆಳಗಿನ ದಿಣ್ಣೆಯವರೆಗೂ ಕೇಳಿಸಿತು. ಅಷ್ಟು ಜೋರು ಅಳು ಕೇಳಿ ಕೇತವ್ವನಿಗೆ ಬಂದ ಸಂತೋಷ ಇಷ್ಟಿಷ್ಟಲ್ಲ.

ಮೋಡ ಹೊರಡುವ ಮೊದಲು ಕೇತವ್ವ ಸೂರ್ಯನನ್ನು ತಡೆದಳು. ಇದು ನಾಳೆಯೂ ಇದೇ ದಾರಿಯಲ್ಲಿ ಬರುತ್ತದೆ, ನಾಡಿದ್ದೂ ಬರುತ್ತದೆ, ಬಂದ ತಕ್ಷಣ ಎತ್ತಿಬಿಡಬೇಡ ಎಂದು ಕೇಳಿಕೊಂಡಳು. ಎಷ್ಟು ಹೊತ್ತು ಬಿಡಬೇಕೆಂದು ಸೂರ್ಯ ಕೇಳಿದ. ಅವನಿಗೂ ಸುತ್ತುವುದು ಬಹಳವಿತ್ತು. ಕಾಡುಕೋಳಿ ಕೂಗಿ, ಒಲೆ ಹೊತ್ತಿ, ಒಂದು ಮುದ್ದೆ ಬೇಯುವ ತನಕ ಸಾಕು ಎಂದಳು ಕೇತವ್ವ. ಅಷ್ಟರಲ್ಲಿ ನೆಲ ಕುಡಿದಷ್ಟು ಕುಡಿಯಲಿ, ತೊರೆಗೂ ಬೇಕಲ್ಲ ಎಂದಳು. ಬೆಚ್ಚಗಿರಲು ಹಿಂದಿನ ಸಂಜೆಯೇ ಒಣ ಸೌದೆ ಒಳಗೆ ತಂದಿಟ್ಟುಕೊಳ್ಳುತ್ತೇವೆ ಎಂದೂ ಸೇರಿಸಿದಳು.

“ಮಲಗ್ಲಿ ಬುಡಪ್ಪ,” ಎಂದಳು ಕೊನೆಗೆ. “ಅದುಕ್ಕೆ ಯಾರೂ ಮಲಗು ಅಂದೇ ಇಲ್ಲ.”

ಸೂರ್ಯ ಒಪ್ಪಿದ. ಮೋಡ ಎದ್ದು ಬೆಟ್ಟ ದಾಟಿ ಮೂಡಣ ಬಯಲಿಗೆ ಹೋಯಿತು. ಅಲ್ಲಿ ಒಣಗುತ್ತಿದ್ದ ಪೈರಿಗೆ ಉಳಿದಷ್ಟು ನೀರು ಹುಯ್ದಿತು. ಮರುದಿನ ಬೆಳಿಗ್ಗೆ ಕಣಿವೆಗೆ ಬಂದು ಹೊರೆ ಇಳಿಸಿತು, ಮೈಯನ್ನೂ ಇಳಿಸಿತು, ಹುಟ್ಟಿದ ಮೇಲೆ ಮೊದಲ ಸಲ ಕಣ್ಣು ಮುಚ್ಚಿತು.

ಅದಕ್ಕೇ ಮಗು, ಮಾಗಿಯ ಬೆಳಿಗ್ಗೆ ನೀನು ಬಾಗಿಲು ತೆರೆದಾಗ ಬೆಟ್ಟಗಳ ನಡುವೆ ಬೆಳ್ಳಗೆ ಮಂಜು ಬಿದ್ದುಕೊಂಡಿರುತ್ತದೆ, ಸೂರ್ಯ ಬೆಟ್ಟದ ಹಿಂದೆಯೇ ತಡಮಾಡುತ್ತಾನೆ, ಮನೆಯ ದೊಡ್ಡವರು ಒಲೆಯ ಮುಂದೆ ಸದ್ದಿಲ್ಲದೆ ಕೂತಿರುತ್ತಾರೆ. ಕಡಲಿನಿಂದ ನೀರು ಹೊತ್ತು ಬಂದವಳು ಹೊರಗೆ ಮಲಗಿದ್ದಾಳೆ, ಅವಳು ತಾನಾಗಿ ಏಳಲಿ.