ಮಂಗಳ ಹಾಡದ ಆಟ

ನಾಟಕ ಕಂಪನಿಯ ಥೇಟರಿನಲ್ಲಿ ಪರದೆ ಎಳೆಯುವ ಮೀರಾಸಾಬನಿಗೆ ಅವತ್ತು ಹಗ್ಗ ಹಿಡಿಯಲು ಕೈಯೇ ಏಳಲಿಲ್ಲ. ಮಧ್ಯಾಹ್ನ ಮೂರರದೇ ಆ ಥೇಟರಿನ ಕಡೆಯ ಆಟ. ಬಂದವರು ಒಂಬತ್ತು ಮಂದಿ. ಮುಂದಿನ ಕುರ್ಚಿಯಲ್ಲಿ ಪುರಸಭೆ ಅಧ್ಯಕ್ಷ ಸಂಕನಗೌಡರು ತೊಡೆಯ ಮೇಲೆ ಬೀಗ ಇಟ್ಟುಕೊಂಡು ಕೂತಿದ್ದರು. ಥೇಟರು ಕೆಡವಿ ಅಂಗಡಿ ಸಾಲು ಕಟ್ಟಿಸುವ ಆತುರ ಅವರಿಗೆ.

"ನಾನೇನ್ ಕಟುಕ ಅಲ್ಲಪಾ," ಎಂದಿದ್ದರು ಎಲ್ಲರೆದುರಿಗೆ. "ಕಡೀ ಮಂಗಳ ಹಾಡಿ ಆಟ ಮುಗಸ್ರಿ. ಆಮ್ಯಾಲೆ ಬೀಗ ಹಾಕತೀನಿ."

ಒಳಗೆ ಗಾಯಕಿ ಚಂದ್ರಾಬಾಯಿ ಮುಖದ ಬಣ್ಣ ಕದಡುವಂತೆ ಅಳುತ್ತಿದ್ದಳು. ಮೀರಾಸಾಬ ಅವಳ ಕಿವಿಯಲ್ಲಿ ಒಂದು ಮಾತು ಹೇಳಿ ಪರದೆ ಎತ್ತಿದ.

ಎರಡನೇ ಅಂಕದ ಹಾಡಿನಲ್ಲಿ ರಾಜನ ಹೆಸರಿದ್ದ ಕಡೆಯೆಲ್ಲ ಅವಳು ಸಂಕನಗೌಡರ ಹೆಸರಿಟ್ಟು ಹಾಡಿದಳು. ಗೌಡರ ಮೀಸೆ ಕುಣಿಯಿತು. "ಒನ್ಸ್ ಮೋರ್!" ಎಂದು ಕೂಗಿಯೇಬಿಟ್ಟರು. ಒನ್ಸ್ ಮೋರ್ ಬಂದರೆ ಹಾಡಲೇಬೇಕು, ಅದು ಕಂಪನಿ ನಾಟಕದ ಪದ್ಧತಿ. ಹಾಡಿದಳು. ಮತ್ತೆ ಕೂಗಿದರು. ಮತ್ತೆ ಹಾಡಿದಳು. ಆರು ಹೊಡೆಯಿತು, ಆಟದ ಹೊತ್ತು ಮುಗಿಯಿತು. ಮೀರಾಸಾಬ ಪರದೆ ಬಿಟ್ಟ.

ಗೌಡರು ಬೀಗ ಹಿಡಿದು ಎದ್ದರು.

"ಮಂಗಳ ಎಲ್ಲಿ ಹಾಡೇವ್ರಿ ಗೌಡ್ರ?" ಮೀರಾಸಾಬ ಕೈಮುಗಿದ. "ನಿಮ್ಮ ಹಾಡೇ ಮುಗೀಲಿಲ್ಲ. ಉಳಿದದ್ದು ನಾಳೆ ಮೂರಕ್ಕ."

ಗೌಡರ ಮಾತು ಕೇಳಿದ್ದ ಮಂದಿಯೆಲ್ಲ ಅವರನ್ನೇ ನೋಡುತ್ತಿದ್ದರು. ಗೌಡರು ಬೀಗವನ್ನು ಜೇಬಿಗಿಳಿಸಿ, "ನಾಳೆ ಮುಗಸ್ಬೇಕು," ಎಂದು ಹೊರಟರು.

ಮರುದಿನವೂ, ಅದರ ಮರುದಿನವೂ ಅದೇ ಕತೆ. ಅಧ್ಯಕ್ಷರು ಕೂಗುವುದನ್ನು ನೋಡಲು ಊರೇ ಟಿಕೀಟು ಕೊಂಡಿತು. ಥೇಟರು ಉಳಿಯಿತು.

ಮೂರನೇ ಅಂಕದ ಕಾಡಿನ ಪರದೆ ಮೀರಾಸಾಬನ ಅಪ್ಪ ಬರೆದದ್ದು. ಆಟ ಎರಡನೇ ಅಂಕದ ಆ ಹಾಡು ದಾಟುವುದೇ ಇಲ್ಲ. ಅವನು ದಿನಾ ಅಪ್ಪನ ಪರದೆಯ ಧೂಳು ಕೊಡವಿ, ಸುತ್ತಿ, ಮತ್ತೆ ಮೇಲೇ ಕಟ್ಟುತ್ತಾನೆ.