ಪುಂಡಿಗೆ ಆ ಹೆಸರು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಗಾಳಿ ಆಗಷ್ಟೇ ಬೀಸಲು ಕಲಿತಿತ್ತು. ಗಿಡಗಳೂ ಮನುಷ್ಯರೂ ಒಂದೇ ಮಾತು ಆಡುತ್ತಿದ್ದರು.

ಹೊಳೆಯ ದಂಡೆಯಲ್ಲಿ ದುರ್ಗವ್ವ ಎಂಬ ಮುದುಕಿ ಮೊದಲ ಹೊಲ ಬಿತ್ತಿದಳು. ಜೋಳ ಸಾಲಾಗಿ ನಿಂತಿತು. ತೊಗರಿ ಸಾಲಾಗಿ ನಿಂತಿತು. ಕೆಂಪು ಕಾಂಡದ ಒಂದು ಗಿಡ ಮಾತ್ರ ಮನಸ್ಸು ಬಂದಲ್ಲಿ ಎದ್ದಿತು. ಅದರ ಮೈಯೆಲ್ಲ ಸಣ್ಣ ಮುಳ್ಳು, ಎಲೆಯೆಲ್ಲ ಹುಳಿ.

"ಯವ್ವಾ, ಇದು ಯಾರ ಮಾತೂ ಕೇಳಂಗಿಲ್ಲ. ನಮ್ಮ ನಡುವ ಬ್ಯಾಡ," ಎಂದಿತು ಜೋಳ.

ಮಾತು ಕೇಳದವರನ್ನು ಆಗಲೂ ಪುಂಡರು ಎಂದೇ ಕರೆಯುತ್ತಿದ್ದರು. ದುರ್ಗವ್ವನಿಗೆ ಸಿಟ್ಟು ಬಂತು. "ಪುಂಡಿ! ನಡಿ ಅತ್ಲಾಗ," ಎಂದು ಅದನ್ನು ಬೇರುಸಹಿತ ಕಿತ್ತು ಹೊಲದ ಬದುವಿನಲ್ಲಿ ನೆಟ್ಟಳು.

ಪುಂಡಿ ಅತ್ತಿತು. ಅಳುತ್ತಲೇ ಮನೆಯೆತ್ತರ ಬೆಳೆಯಿತು.

ಒಂದು ದಿನ ಹೊಳೆ ಉಕ್ಕಿತು. ದುರ್ಗವ್ವನ ಮೊಮ್ಮಗಳು ತಂಗೆವ್ವ ನಡುಹೊಳೆಯ ಬಂಡೆಯ ಮೇಲೆ ಸಿಕ್ಕಿಕೊಂಡಳು.

"ಆಯೀ!" ಎಂದು ಅಜ್ಜಿಯನ್ನು ಕೂಗಿದಳು.

ದುರ್ಗವ್ವ ಜೋಳದ ದಂಟು ಚಾಚಿದಳು. ಲಟಕ್ಕನೆ ಮುರಿಯಿತು. ಬಳ್ಳಿ ಎಸೆದಳು. ಅದೂ ಹರಿಯಿತು.

"ಹೊಳೆವ್ವಾ, ತುಸು ನಿಂದರ!"

"ನಿಂದರಾಕ ನನಗ ಬರಂಗಿಲ್ಲವ್ವ," ಎಂದಿತು ಹೊಳೆ. ನೀರು ಹುಡುಗಿಯ ಮೊಣಕಾಲಿಗೇರಿತು.

ಆಗ ಬದುವಿನಿಂದ ಪುಂಡಿ ಕೂಗಿತು: "ಅವ್ವಾ, ನನ್ನ ತೊಗಲು ಸುಲಿ. ನಾರು ಹೊಸೆದು ಹಗ್ಗ ಮಾಡು."

ದುರ್ಗವ್ವ ಬದುವಿಗೆ ಓಡಿದಳು. "ನೀ ಸಾಯ್ತೀಯಲ್ಲ, ನನ್ನ ಮಗಳ!"

"ಬೀಜ ಬಲಿತಾವ. ಅವನ್ನ ಇಲ್ಲೇ ಬಿತ್ತು. ಇಲ್ಲಿಂದ ಹೊಳಿ ಛಲೋ ಕಾಣ್ತದ. ಲಗೂನ ಸುಲಿ!"

ದುರ್ಗವ್ವ ಅಳುತ್ತ ಸುಲಿದಳು, ಅಳುತ್ತ ಹೊಸೆದಳು, ಬಲವೆಲ್ಲ ಹಾಕಿ ಎಸೆದಳು. ತಂಗೆವ್ವ ಹಗ್ಗವನ್ನು ನಡುವಿಗೆ ಬಿಗಿದುಕೊಂಡಳು. ಹೊಳೆ ಅತ್ತ ಜಗ್ಗಿತು, ಗಾಳಿ ಇತ್ತ ಜಗ್ಗಿತು. ಹಗ್ಗ ಯಾರ ಮಾತೂ ಕೇಳಲಿಲ್ಲ. ಹುಡುಗಿ ದಂಡೆ ಸೇರಿ ಆಯಿಯ ಕೊರಳಿಗೆ ಬಿದ್ದಳು.

ಸುಲಿದ ಬಿಳಿ ಕಡ್ಡಿಯನ್ನು ದುರ್ಗವ್ವ ತೊಡೆಯ ಮೇಲಿಟ್ಟುಕೊಂಡು ತಡವಿದಳು. "ಪುಂಡಿ... ನನ್ನ ಪುಂಡಿ..." ಮಾತು ಅದೇ. ಆದರೆ ಅದರೊಳಗೆ ಸಿಟ್ಟಿರಲಿಲ್ಲ.

ಮುಂದಿನ ಮಳೆಗೆ ಜೋಳವೇ ಸರಿದು ಜಾಗ ಬಿಟ್ಟಿತು. "ಅದರ ಮಕ್ಕಳು ಇಲ್ಲಿಗೇ ಬರಲೇಳವ್ವ," ಎಂದಿತು. ದುರ್ಗವ್ವ ಪುಂಡಿಯ ಮಾತು ನೆನೆದು ಬೀಜವನ್ನು ಬದುವಿನಲ್ಲೇ ಬಿತ್ತಿದಳು.

ಅದಕ್ಕೇ ಪುಂಡಿ ಇಂದಿಗೂ ಜೋಳದ ಹೊಲದ ಬದುವಿನಲ್ಲಿ ನಿಂತಿರುತ್ತದೆ. ಅದಕ್ಕೇ ಅಜ್ಜಿಯರು ಮಾತು ಕೇಳದ ಮೊಮ್ಮಕ್ಕಳನ್ನು "ಪುಂಡ" ಎಂದು ಬೈಯುವಾಗಲೂ ಅವರ ಕೈ ಮಗುವಿನ ತಲೆ ಸವರುತ್ತಿರುತ್ತದೆ.