ಅಧ್ಯಕ್ಷರ ನೆನಪಿನ ಶಕ್ತಿ

ಅಮೆರಿಕದಲ್ಲಿ ಎಲ್ವುಡ್ ಪಿಕೆಟ್ ಎಂಬ ಅಧ್ಯಕ್ಷರಿದ್ದರು. ಇತಿಹಾಸದ ಪುಸ್ತಕದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅವರು ಇರುವುದು ಈ ಕಥೆಯೊಳಗೆ ಮಾತ್ರ.

ಒಮ್ಮೆ ಕೈಕುಲುಕಿದವರನ್ನು ಪಿಕೆಟ್ ಸಾಹೇಬರು ಜನ್ಮದಲ್ಲಿ ಮರೆಯುವುದಿಲ್ಲ ಎಂದು ದೇಶವೆಲ್ಲ ಹೊಗಳುತ್ತಿತ್ತು. ನಿಜ ಹೇಳಬೇಕೆಂದರೆ ಅವರಿಗೆ ತಮ್ಮ ಕುದುರೆಯ ಹೆಸರೂ ನೆನಪಿರುತ್ತಿರಲಿಲ್ಲ. ಹೆಂಡತಿ ಕೋರಾ ಅರ್ಧ ಹೆಜ್ಜೆ ಹಿಂದೆ ನಿಂತು ಬಂದವರ ಹೆಸರು, ಊರು, ಮಕ್ಕಳ ಮದುವೆ, ಮಂಡಿನೋವು ಎಲ್ಲವನ್ನೂ ಮೆಲ್ಲಗೆ ಕಿವಿಗೆ ಹಾಕುತ್ತಿದ್ದಳು. ಭಾಷಣ ಬರೆಯುತ್ತಿದ್ದವಳು ಅಕ್ಕ ಮಾರ್ತಾ. ಮಾತು ಹಳಿ ತಪ್ಪಿದರೆ ವಯಸ್ಸಾದ ತಾಯಿ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದ್ದೇ ತಡ, ಪಿಕೆಟ್ ಅರ್ಧ ವಾಕ್ಯದಲ್ಲೇ ಬಾಯಿ ಮುಚ್ಚುತ್ತಿದ್ದರು. ಊರಿನ ಮುನಿಸಿಪಾಲಿಟಿಯಿಂದ ಶ್ವೇತಭವನದವರೆಗೆ ಅವರು ಬಂದದ್ದು ಹೀಗೆ.

ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು. ಮೂವರು ಹೆಂಗಸರು ಅಧ್ಯಕ್ಷರನ್ನು ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡಿದ್ದರು. ಪಿಕೆಟ್‌ಗೆ ಮೈಯೆಲ್ಲ ಉರಿದುಹೋಯಿತು.

"ಇವತ್ತು ಮಧ್ಯಾಹ್ನದ ಊಟಕ್ಕೆ ನಾನೊಬ್ಬನೇ. ನೀವು ಮೂವರೂ ಮಹಡಿಯಲ್ಲೇ ಇರಿ."

"ಇವತ್ತೊಂದು ದಿನ ಬೇಡ ಕಣ್ರೀ," ಎಂದಳು ಕೋರಾ. "ಬರುತ್ತಿರುವವರು ಕ್ರಂಪ್ಟನ್."

"ಗೊತ್ತು, ಗೊತ್ತು!"

ಶಾಲೆಯ ಮಕ್ಕಳಿಗೆ ಊಟ ಹಾಕುವ ಮಸೂದೆ ಅಂದೇ ಸಂಜೆ ಮತಕ್ಕೆ ಬರುವುದಿತ್ತು. ಒಂದೇ ಒಂದು ಮತ ಕಡಿಮೆ. ಅದು ಮುದುಕ ಸೆನೆಟರ್ ಕ್ರಂಪ್ಟನ್ ಕೈಯಲ್ಲಿತ್ತು.

ಬಾಗಿಲಲ್ಲೇ ಪಿಕೆಟ್ ಅವರ ಕೈ ಹಿಡಿದು, "ಬನ್ನಿ ಬನ್ನಿ, ಬ್ಯಾಕ್‌ಸ್ಟರ್ ಅವರೇ!" ಎಂದರು.

ಬ್ಯಾಕ್‌ಸ್ಟರ್ ಎಂದರೆ ಕ್ರಂಪ್ಟನ್‌ಗೆ ಆಗದ ಹಳೆಯ ವೈರಿ. ಮುದುಕರ ಮೀಸೆ ನಡುಗಿತು. ಏನೋ ಎಡವಟ್ಟಾಯಿತೆಂದು ತಿಳಿದು ಪಿಕೆಟ್ ಮಾತು ತಿರುಗಿಸಿದರು. "ಮನೆಯವರು ಚೆನ್ನಾಗಿದ್ದಾರಾ?"

"ನನ್ನ ಹೆಂಡತಿ ತೀರಿಕೊಂಡು ವರ್ಷವಾಗುತ್ತಾ ಬಂತು. ನೀವು ಹೂವು ಕಳಿಸಿದ್ದಿರಿ."

ಆಗಲಾದರೂ ಸುಮ್ಮನಿರಬಹುದಿತ್ತು. ಕೆಮ್ಮುವವರಿರಲಿಲ್ಲವಲ್ಲ! "ಹಾಗಾದರೆ ಮನೆಯಲ್ಲಿ ಗಲಾಟೆ ಇಲ್ಲ ಅನ್ನಿ, ಪುಣ್ಯವಂತರು!" ಎಂದುಬಿಟ್ಟರು.

ಕ್ರಂಪ್ಟನ್ ತಮ್ಮ ಟೋಪಿ ಎಲ್ಲಿ ಎಂದು ಕೇಳಿದರು.

ಪಿಕೆಟ್ ಮೆಟ್ಟಿಲು ಹಾರಿಕೊಂಡು ಮಹಡಿಗೆ ಓಡಿದರು. ಮೂವರೂ ಇಸ್ಪೀಟು ಆಡುತ್ತಾ ಕೂತಿದ್ದರು.

"ಅಮ್ಮಾ, ಕೆಟ್ಟೆ! ಮಕ್ಕಳ ಊಟ ಹೋಯಿತು! ಅಕ್ಕಾ, ಬೇಗ ಏನಾದರೊಂದು ಸುಳ್ಳು ಬರೆದುಕೊಡೇ!"

"ಇದಕ್ಕೆ ಬರೆದ ಮಾತು ನಡೆಯಲ್ಲ ಕಣೋ," ಎಂದಳು ಮಾರ್ತಾ, ಎಲೆ ಇಳಿಸುತ್ತಾ.

"ಹೋಗಿ ನಿಜ ಹೇಳಿ," ಎಂದಳು ಕೋರಾ. "ಸುಳ್ಳು ಹೇಳಿದರೆ ನಾಳೆ ಅದನ್ನೂ ನಾನೇ ನೆನಪಿಡಬೇಕು."

ಕ್ರಂಪ್ಟನ್ ಆಗಲೇ ಸಾರೋಟಿಗೆ ಒಂದು ಕಾಲಿಟ್ಟಿದ್ದರು. ಪಿಕೆಟ್ ಏದುಸಿರು ಬಿಡುತ್ತಾ ಅಡ್ಡ ನಿಂತರು.

"ಸೆನೆಟರ್ ಅವರೇ, ನಿಮ್ಮ ಹೆಸರು ನನಗೆ ಯಾವತ್ತೂ ನೆನಪಿರಲಿಲ್ಲ. ಕಿವಿಯಲ್ಲಿ ಹೇಳುತ್ತಿದ್ದವಳು ಕೋರಾ. ಹೂವು ಕಳಿಸಿದವಳೂ ಅವಳೇ. ಇವತ್ತು ಜಂಬ ಮಾಡಿ ಅವಳನ್ನು ದೂರ ಕೂರಿಸಿದೆ, ನಿಮ್ಮನ್ನು ನೋಯಿಸಿದೆ. ಕ್ಷಮಿಸಿ."

ಮುದುಕರು ಸಾರೋಟಿನಿಂದ ಕಾಲು ಕೆಳಗಿಳಿಸಿದರು.

"ನನಗೂ ಎಲ್ಲ ನನ್ನ ಹೆಂಡತಿಯೇ ಹೇಳಿಕೊಡುತ್ತಿದ್ದಳು," ಎಂದರು. "ಅವಳು ಹೋದಮೇಲೆ ಯಾರ ಹೆಸರೂ ನಾಲಿಗೆಗೆ ಬರುತ್ತಿಲ್ಲ. ನಿಮ್ಮದೂ ಅಷ್ಟೇ. ಊಟ ಮುಗಿಯುವ ತನಕ ಬರೀ 'ಅಧ್ಯಕ್ಷರೇ' ಅಂದುಕೊಂಡು ದಾಟಿಸಿಬಿಡೋಣ ಅಂತ ಬಂದಿದ್ದೆ."

ಪಿಕೆಟ್‌ಗೆ ಹೋದ ಜೀವ ಬಂದಂತಾಯಿತು. ಊಟದ ಮೇಜಿಗೆ ಇನ್ನೂ ಮೂರು ಕುರ್ಚಿ ಬಂದವು. ತೀರಿಕೊಂಡ ಹೆಂಡತಿಯ ಬಗ್ಗೆ ಕ್ರಂಪ್ಟನ್ ಅಂದು ಮನಸಾರೆ ಮಾತಾಡಿದರು. ಸಂಜೆ ಮಸೂದೆಯ ಪರವಾಗಿ ಎಲ್ಲರಿಗಿಂತ ಮೊದಲು ಎದ್ದ ಕೈ ಅವರದೇ.

ನೀತಿ: ನಮ್ಮನ್ನು ಮೇಲೆತ್ತಿದವರನ್ನು ಮರೆಗೆ ಸರಿಸಿದರೆ ನಾವು ದೊಡ್ಡವರಾಗುವುದಿಲ್ಲ, ಒಂಟಿಯಾಗುತ್ತೇವೆ. ಅವರ ಹೆಸರನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿದರೆ, ಮಕ್ಕಳೇ, ಎಂಥ ಎಡವಟ್ಟಿನಿಂದಲೂ ಹೊರಬರುವ ದಾರಿ ಕಾಣುತ್ತದೆ.